ಆಕಾಶದ ಚಿತ್ರ, ನೆಲದ ಸತ್ಯ

ತನ್ನ ನಾಡನ್ನು ಮೇಲಿನಿಂದ ನೋಡಬೇಕೆಂಬ ಮನುಷ್ಯನ ಹಂಬಲ ಇಂದು ನೆನ್ನೆಯದಲ್ಲ. ಬಿಳಿಗಿರಿರಂಗನ ಬೆಟ್ಟದ ಕಮರಿಯಂಚಿನಲ್ಲಿ ನಿಂತವರಿಗೆ ಯಳಂದೂರಿನ ಬಯಲು, ಕೆರೆಗಳು, ತೆಂಗಿನ ತೋಟಗಳು, ಊರಿಂದೂರಿಗೆ ಹರಿದ ದಾರಿಗಳು ಒಂದೇ ನೋಟಕ್ಕೆ ಸಿಗುತ್ತವೆ. ಆದರೆ ಯಾವ ಕೆರೆಯಲ್ಲಿ ನೀರಿದೆ, ಯಾವುದರಲ್ಲಿ ಹೂಳು ತುಂಬಿದೆ, ಯಾವ ಹೊಲವನ್ನು ಯಾರು ಉಳುತ್ತಿದ್ದಾರೆ ಎಂಬುದನ್ನು ತಿಳಿಯಬೇಕಾದರೆ ಬೆಟ್ಟ ಇಳಿಯಲೇಬೇಕು. ಇಂದು ಆ ಬೆಟ್ಟಕ್ಕಿಂತ ನೂರಾರು ಪಟ್ಟು ಎತ್ತರದಲ್ಲಿ ಉಪಗ್ರಹಗಳು ಸುತ್ತುತ್ತಿವೆ. ಅವುಗಳ ಕಣ್ಣಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ತಾಲ್ಲೂಕುಗಳು ಬಣ್ಣಬಣ್ಣದ ಚುಕ್ಕೆಗಳ ಒಂದು ಹಾಸು ಮಾತ್ರ. ಆ ಹಾಸನ್ನು ನೋಡಿ ಕಾಡು ಎಷ್ಟಿದೆ, ಪಾಳುಭೂಮಿ ಎಷ್ಟಿದೆ, ಒತ್ತುವರಿ ಎಲ್ಲಿದೆ ಎಂದು ನಿರ್ಧರಿಸುವ ಕಾಲ ಬಂದಿದೆ. ಪ್ರಿಯ ಓದುಗರೇ, ನಾನು ಕೇಳಬಯಸುವ ಪ್ರಶ್ನೆ ಒಂದೇ: ಈ ಚಿತ್ರವನ್ನು ನೋಡಿದವರು ಬೆಟ್ಟ ಇಳಿಯುತ್ತಿದ್ದಾರೆಯೇ?

ಹೀಗೆ ಕೇಳಿದೊಡನೆ, ವಿಜ್ಞಾನವನ್ನು ಅಲ್ಲಗಳೆಯಲು ಹೊರಟಿದ್ದಾನೆಂದು ಯಾರೂ ಭಾವಿಸಬಾರದು. ನನ್ನ ತಕರಾರು ವಿಜ್ಞಾನವನ್ನು ಅರ್ಧಕ್ಕೆ ನಿಲ್ಲಿಸುವವರ ಮೇಲೆ.

ಕಣ್ಣಿನ ಹಿರಿಮೆ

ಭಾರತದಲ್ಲಿ ದೂರಸಂವೇದನೆಯ ಕಥೆ ಆರಂಭವಾದದ್ದು ಒಂದು ತೆಂಗಿನ ತೋಟದಿಂದ. 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಶಾರೋಟಿಯವರ ತಂಡವು ಹೆಲಿಕಾಪ್ಟರಿನಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹಾರಿ, ಅತಿಗೆಂಪು ಫಿಲ್ಮಿನಲ್ಲಿ ಚಿತ್ರಗಳನ್ನು ತೆಗೆಯಿತು. ಬೇರು ಸೊರಗುವ ರೋಗ ತಗುಲಿದ ಮರಗಳು ಆ ಚಿತ್ರಗಳಲ್ಲಿ ಬೇರೆಯಾಗಿಯೇ ಕಂಡವು. ಇದಕ್ಕೆ ಕಾರಣ ಸರಳ. ಆರೋಗ್ಯವಂತ ಎಲೆಯು ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಹೇರಳವಾಗಿ ಹಿಂದಿರುಗಿಸುತ್ತದೆ. ಸೊರಗಿದ ಎಲೆ ಹಾಗೆ ಮಾಡದು. ನೀರು ಅತಿಗೆಂಪನ್ನು ನುಂಗಿ ಕಪ್ಪಾಗಿ ಕಾಣುತ್ತದೆ. ಬರಿಯ ಮಣ್ಣು ಮತ್ತೊಂದು ಬಗೆಯಲ್ಲಿ ಹೊಳೆಯುತ್ತದೆ. ಈ ವ್ಯತ್ಯಾಸಗಳನ್ನು ಅಳೆದು ಅಂಕಿಗಳನ್ನಾಗಿಸುವುದೇ ದೂರಸಂವೇದನೆ.

1972ರಲ್ಲಿ ಅಮೆರಿಕವು ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹವನ್ನು ಹಾರಿಸಿತು. 1988ರ ಮಾರ್ಚ್ 17ರಂದು ನಮ್ಮದೇ ಐಆರ್‌ಎಸ್-1ಎ ಕಕ್ಷೆ ಸೇರಿತು. ಈ ಕಣ್ಣು ಬಡವನಿಗೂ ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ಜಿಲ್ಲೆಯ ಕರಿಕಲ್ಲಿನ ಕ್ವಾರಿಗಳು ವರ್ಷದಿಂದ ವರ್ಷಕ್ಕೆ ಎಷ್ಟು ಅಗಲವಾದವು ಎಂಬುದನ್ನು ಯಾವ ಪ್ರಭಾವಿಯೂ ಆಕಾಶದಿಂದ ಮರೆಮಾಡಲಾರ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಾವೇರಿ ಉಕ್ಕಿ ದಾಸನಪುರ, ಮುಳ್ಳೂರು, ಹಳೇ ಹಂಪಾಪುರದಂತಹ ಊರುಗಳಿಗೆ ನುಗ್ಗಿದಾಗ ಆಕಾಶದಲ್ಲಿ ಮೋಡ ಕವಿದಿತ್ತು. ಅಂತಹ ಮೋಡವನ್ನೂ ಭೇದಿಸಿ ನೀರಿನ ಅಂಚನ್ನು ಗುರುತಿಸಬಲ್ಲ ರೇಡಾರ್ ಉಪಗ್ರಹಗಳು ಇಂದು ಇವೆ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಅವುಗಳಲ್ಲೊಂದು. ಇಷ್ಟು ಸಾಮರ್ಥ್ಯವುಳ್ಳ ಕಣ್ಣನ್ನು ಬೇಡವೆನ್ನುವವನು ಮೂರ್ಖ. ಆದರೆ ಆ ಕಣ್ಣಿಗೆ ಕಂಡದ್ದಷ್ಟೇ ಸತ್ಯವೆನ್ನುವವನು ಮೂರ್ಖನಿಗಿಂತ ಅಪಾಯಕಾರಿ.

ಹಸಿರೆಲ್ಲ ಕಾಡಲ್ಲ

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು 1987ರಿಂದ ಎರಡು ವರ್ಷಗಳಿಗೊಮ್ಮೆ ದೇಶದ ಅರಣ್ಯ ಸ್ಥಿತಿಯ ವರದಿಯನ್ನು ಪ್ರಕಟಿಸುತ್ತ ಬಂದಿದೆ. ಅದರ ವ್ಯಾಖ್ಯೆಯನ್ನು ಗಮನಿಸಿ: ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇಕಡಾ 10ಕ್ಕಿಂತ ಹೆಚ್ಚು ಮರದ ನೆರಳಿರುವ ನೆಲವೆಲ್ಲ ಅರಣ್ಯ ಹೊದಿಕೆ. ನೆಲ ಯಾರದು, ಮರ ಯಾವುದು ಎಂಬ ಪ್ರಶ್ನೆ ಅಲ್ಲಿಲ್ಲ. ಬೆಟ್ಟದ ಮೇಲಿನ ಕಾಫಿ ತೋಟವೂ ಸೋಲಿಗರ ದೇವರ ಕಾಡೂ ಆ ಲೆಕ್ಕದಲ್ಲಿ ಒಂದೇ.

ಇದಕ್ಕಿಂತ ದೊಡ್ಡ ಮೋಸ ಮರಗಳ ಕೆಳಗಿದೆ. ಅದರ ಹೆಸರು ಲಂಟಾನ. ಹೂವಿನ ಚೆಲುವಿಗಾಗಿ ಬ್ರಿಟಿಷರ ಕಾಲದಲ್ಲಿ ಹೊರದೇಶದಿಂದ ಬಂದ ಈ ಪೊದೆ ಬಿಳಿಗಿರಿರಂಗನ ಬೆಟ್ಟವನ್ನು ಒಳಗಿನಿಂದ ನುಂಗಿದೆ. ಅಲ್ಲಿನ 134 ಜಾಗಗಳನ್ನು ಸಂಶೋಧಕರು 1997ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಕಾಲ್ನಡಿಗೆಯಲ್ಲಿ ಪರಿಶೀಲಿಸಿದರು. ಮೊದಲ ಬಾರಿ ಐದರಲ್ಲಿ ಎರಡರಷ್ಟು ಜಾಗಗಳಲ್ಲಿದ್ದ ಲಂಟಾನ, ಎರಡನೆಯ ಬಾರಿಗೆ ಐದರಲ್ಲಿ ನಾಲ್ಕರಷ್ಟು ಜಾಗಗಳನ್ನು ಆವರಿಸಿತ್ತು. ಅದು ಹಬ್ಬಿದಲ್ಲಿ ಹುಲ್ಲು ಸಾಯುತ್ತದೆ, ನೆಲ್ಲಿಯ ಸಸಿ ಮೇಲೇಳುವುದಿಲ್ಲ, ಜಿಂಕೆಗೆ ಮೇವಿಲ್ಲ, ಜೇನು ಅರಸಿ ಹೊರಟವನಿಗೆ ದಾರಿಯಿಲ್ಲ. ಆದರೆ ಲಂಟಾನವೂ ಹಸಿರೇ. ಮರದ ನೆರಳಿನ ಅಡಿಯಲ್ಲಿರುವುದರಿಂದ ಮೇಲಿನ ಕಣ್ಣಿಗೆ ಅದು ಕಾಣುವುದೇ ಇಲ್ಲ. ಬಯಲಿನಲ್ಲಿದ್ದರೆ ಹಸಿರು ಹೆಚ್ಚಿತೆಂಬ ಸಂತೋಷದ ವಾರ್ತೆಯಾಗಿ ಕಾಣುತ್ತದೆ. ರೋಗಿಯ ಮೈ ಊದಿಕೊಂಡಾಗ ದಪ್ಪಗಾದನೆಂದು ಹಿಗ್ಗುವ ವೈದ್ಯನಿಗೆ ಏನೆನ್ನೋಣ?

ಲಂಟಾನ ಏಕೆ ಹೀಗೆ ಹಬ್ಬಿತು? ಸೋಲಿಗರ ಹಿರಿಯರ ಬಳಿ ಉತ್ತರವಿದೆ. ಬೇಸಿಗೆ ಬಲಿಯುವ ಮುನ್ನ ಒಣಗಿದ ತರಗೆಲೆಗೆ ಅವರು ಸಣ್ಣ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ ಎಂದು ಅದರ ಹೆಸರು. ತರಗು ಉರಿದು ಹುಲ್ಲು ಚಿಗುರುತ್ತಿತ್ತು, ಕಳೆಯ ಮೊಳಕೆ ಸುಟ್ಟುಹೋಗುತ್ತಿತ್ತು, ನೆಲ್ಲಿಯ ಮರವನ್ನು ಹೀರುವ ಉಪ್ಪಿಲು ಎಂಬ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂಬುದು ಅವರ ತಿಳಿವಳಿಕೆ. 1974ರಲ್ಲಿ ವನ್ಯಜೀವಿಧಾಮ ಘೋಷಣೆಯಾಗಿ ಆ ಬೆಂಕಿ ನಿಂತಿತು, ತರಗು ರಾಶಿಯಾಯಿತು, ಈಗ ಬೆಂಕಿ ಬಿದ್ದರೆ ಲಂಟಾನವೇ ಸೌದೆಯಾಗಿ ಮರದ ನೆತ್ತಿಯವರೆಗೂ ಉರಿಯುತ್ತದೆ. ಕಾಡಿನ ಬೆಂಕಿಯನ್ನು ಉಪಗ್ರಹವು ಗಂಟೆಗಳೊಳಗೆ ಪತ್ತೆಹಚ್ಚಿ ಅರಣ್ಯಾಧಿಕಾರಿಯ ಫೋನಿಗೆ ಸಂದೇಶ ಕಳುಹಿಸಬಲ್ಲದು. ಇದು ಶ್ಲಾಘನೀಯವೇ. ಆದರೆ ಉಪಗ್ರಹಕ್ಕೆ ಬೆಂಕಿಯೆಂದರೆ ಒಂದು ಬಿಸಿ ಚುಕ್ಕೆ. ಅದು ಕಾಡನ್ನು ಉಳಿಸಲು ಹಾಕಿದ್ದೋ, ಅಳಿಸಲು ಹಾಕಿದ್ದೋ ಎಂದು ಚುಕ್ಕೆ ಹೇಳಲಾರದು. ಸೋಲಿಗರ ವಿವರಣೆಯೇ ಕೊನೆಯ ಮಾತೆಂದು ನಾನು ಹೇಳುತ್ತಿಲ್ಲ. ಅವರ ಮಾತನ್ನು ಪರೀಕ್ಷಿಸುವ ಮೊದಲೇ ತಳ್ಳಿಹಾಕಬಾರದೆನ್ನುತ್ತೇನೆ.

ಕಾಡಿನ ಜೀವವೂ ಬಣ್ಣದಲ್ಲಿಲ್ಲ. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತುಬಿದ್ದಿದ್ದವು. ಆ ದಿನದ ಉಪಗ್ರಹ ಚಿತ್ರದಲ್ಲಿ ಹನೂರಿನ ಕಾಡು ಹಿಂದಿನ ದಿನದಷ್ಟೇ ಹಸಿರಾಗಿತ್ತು. ದನ ಕಳೆದುಕೊಂಡವನ ಸಿಟ್ಟು, ಕಾವಲುಗಾರನ ನಡಿಗೆ, ಕಾಡಂಚಿನ ಊರಿನೊಡನೆ ಇಲಾಖೆಗಿರುವ ನಂಟು, ಇವೇ ಹುಲಿಯ ಅಳಿವು ಉಳಿವನ್ನು ನಿರ್ಧರಿಸುವಂಥವು. ಇವುಗಳಲ್ಲಿ ಒಂದನ್ನೂ ಎಂಟುನೂರು ಕಿಲೋಮೀಟರ್ ಎತ್ತರದಿಂದ ಕಾಣಲಾಗದು.

ಬೀಳೆಲ್ಲ ಪಾಳಲ್ಲ

ಈಗ ಕಾಡಿನಿಂದ ಹೊಲಕ್ಕೆ ಬರೋಣ. ಹನೂರಿನ ಒಣಭೂಮಿಯಲ್ಲಿ ಬೇಸಾಯವೆಂದರೆ ಮಳೆಯೊಡನೆ ಆಡುವ ಜೂಜು. ಮಳೆ ಬಿದ್ದರೆ ರಾಗಿ, ಜೋಳ, ಹುರುಳಿ; ಬೀಳದಿದ್ದರೆ ನೆಲ ಬೀಳು. ಕೊಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ತೆಗೆದ ಚಿತ್ರದಲ್ಲಿ ಆ ಹೊಲ ಕುರುಚಲು ನೆಲದಂತೆಯೇ ಕಾಣುತ್ತದೆ. ಬೀಳು ಬಿಟ್ಟದ್ದಕ್ಕೂ ಪಾಳುಬಿದ್ದದ್ದಕ್ಕೂ ನಮ್ಮ ಭಾಷೆಯಲ್ಲಿ ಎರಡು ಪದಗಳಿವೆ, ಎರಡು ಅರ್ಥಗಳಿವೆ. ಚಿತ್ರದ ಭಾಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ.

ಕೇಂದ್ರ ಸರ್ಕಾರವು 2000ದಿಂದ ಉಪಗ್ರಹ ಚಿತ್ರಗಳ ಆಧಾರದ ಮೇಲೆ ಪಾಳುಭೂಮಿಯ ಅಟ್ಲಾಸುಗಳನ್ನು ಹೊರತರುತ್ತಿದೆ. ಕುರುಚಲು ಗಿಡಗಳಿರುವ ನೆಲ ಅದರಲ್ಲೊಂದು ವರ್ಗ. ಆದರೆ ಕುರಿಗಾಹಿಗೆ ಅದು ವರ್ಷಪೂರ್ತಿಯ ಗೋಮಾಳ. ಮುದುಕಿಗೆ ಸೌದೆಯ ಮನೆ. ನಾಟಿ ವೈದ್ಯನಿಗೆ ಔಷಧಾಲಯ. ಪಾಳೆಂದು ಹೆಸರಿಟ್ಟ ಮೇಲೆ ಅದನ್ನು ಬೇರೆಯವರಿಗೆ ಕೊಡುವುದು ಸುಲಭ. ಹೆಸರಿಡುವುದು ಮುಗ್ಧ ಕೆಲಸವೆಂದು ತಿಳಿದವರು ನೆಲ ಕಳೆದುಕೊಂಡವರನ್ನು ಕೇಳಲಿ.

ನಮ್ಮ ರಾಜ್ಯದ ಕಂದಾಯ ಇಲಾಖೆಯು ಇತ್ತೀಚಿನ ವರ್ಷಗಳಲ್ಲಿ ಬಗರ್ ಹುಕುಂ ಅರ್ಜಿಗಳ ಪರಿಶೀಲನೆಗೂ ಆ್ಯಪ್ ಮತ್ತು ಉಪಗ್ರಹ ಚಿತ್ರಗಳನ್ನು ಬಳಸತೊಡಗಿದೆ. ಸುಳ್ಳು ಅರ್ಜಿಗಳನ್ನು ತಡೆಯಲು ಇದು ಅಗತ್ಯವೆಂಬ ವಾದವನ್ನು ಒಪ್ಪುತ್ತೇನೆ. ಉಳದವನು ಉಳುತ್ತೇನೆಂದು ಹೇಳಿ ಭೂಮಿ ಕಬಳಿಸಿದ್ದನ್ನು ನಾವೆಲ್ಲ ಬಲ್ಲೆವು. ಆದರೆ ಯಾವ ತಿಂಗಳ ಚಿತ್ರ? ಆ ವರ್ಷ ಮಳೆ ಬಿದ್ದಿತ್ತೇ? ಚುಕ್ಕೆಯ ಅಳತೆ ಎಷ್ಟು? ಈ ಮೂರು ಪ್ರಶ್ನೆಗಳನ್ನು ಕೇಳದೆ ನೀಡಿದ ನಿರ್ಣಯ ನ್ಯಾಯವಾಗಲಾರದು.

ಚುಕ್ಕೆಯ ಅಳತೆಯ ವಿಚಾರವನ್ನು ಸ್ವಲ್ಪ ವಿವರಿಸಬೇಕು. ಅರಣ್ಯ ಸಮೀಕ್ಷೆಗೆ ದೀರ್ಘಕಾಲ ಆಧಾರವಾಗಿದ್ದ ಭಾರತೀಯ ಉಪಗ್ರಹ ಚಿತ್ರದಲ್ಲಿ ಒಂದು ಚುಕ್ಕೆಯು ನೆಲದ ಮೇಲೆ 23.5 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಅದು ಸುಮಾರು ಐದೂವರೆ ಗುಂಟೆ. ಅಂದರೆ ಗುಡಿಸಲು, ಹಿತ್ತಿಲು, ಹಲಸಿನ ಮರ, ದನದ ಕೊಟ್ಟಿಗೆ ಎಲ್ಲ ಸೇರಿ ಒಂದೇ ಬಣ್ಣದ ಒಂದು ಚುಕ್ಕೆ. ಆ ಸಮೀಕ್ಷೆ ಗುರುತಿಸುವ ಅತಿ ಚಿಕ್ಕ ತುಂಡು ಒಂದು ಹೆಕ್ಟೇರು, ಹತ್ತಿರ ಹತ್ತಿರ ಎರಡೂವರೆ ಎಕರೆ. ಪೋಡಿನಲ್ಲಿ ಮರಗಳ ನಡುವೆ ಒಂದೆರಡು ಎಕರೆ ರಾಗಿ ಬೆಳೆವ ಕುಟುಂಬವು ಆ ಜರಡಿಯ ಕಣ್ಣಿನಿಂದ ಸೋರಿಹೋಗುತ್ತದೆ. ಇದಕ್ಕಿಂತ ಎಷ್ಟೋ ಸೂಕ್ಷ್ಮವಾದ ಚಿತ್ರಗಳು ಇಂದು ಲಭ್ಯವಿವೆ, ನಿಜ. ಆದರೆ ಹಳೆಯ ವರ್ಷಗಳಿಗೆ ಹಿಂದಿರುಗಿ ಹೊಸ ಕಣ್ಣಿನಿಂದ ನೋಡಲು ಯಾರಿಗೂ ಸಾಧ್ಯವಿಲ್ಲ.

ಸಾಕ್ಷಿ ನ್ಯಾಯಾಧೀಶನಾಗಬಾರದು

ಈ ಮಾತಿನ ತೂಕ ತಿಳಿಯಬೇಕಾದರೆ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೋಡಬೇಕು. ಅರಣ್ಯವಾಸಿ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮುನ್ನ ಆ ನೆಲದಲ್ಲಿದ್ದರೆಂದು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಮಲೆ ಮಹದೇಶ್ವರ ಬೆಟ್ಟದ ಬೇಡಗಂಪಣರಂತಹ ಜನ ಈ ಎರಡನೆಯ ಸಾಲಿನಲ್ಲಿ ನಿಲ್ಲುತ್ತಾರೆ. 2005ರಿಂದ 75 ವರ್ಷ ಹಿಂದಕ್ಕೆ ಹೋದರೆ 1930. ನೆಲವನ್ನು ಅಳೆಯುವ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ನಡುವಿನ ನಲವತ್ತೆರಡು ವರ್ಷ ಆಕಾಶದಲ್ಲಿ ಕಣ್ಣೇ ಇರಲಿಲ್ಲ! ಆ ವರ್ಷಗಳಿಗೆ ಸಾಕ್ಷಿಗಳು ಯಾರು? ಹಿರಿಯರ ನೆನಪು, ಗೋರಿಕಲ್ಲು, ಹಳೆಯ ಬಾವಿ, ಗುಡಿಯ ಕಟ್ಟೆ. ಕಾಯ್ದೆಯ ನಿಯಮಗಳು ಇವನ್ನೆಲ್ಲ ಪುರಾವೆಯೆಂದು ಸ್ಪಷ್ಟವಾಗಿ ಒಪ್ಪಿವೆ. 2012ರ ತಿದ್ದುಪಡಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಪಗ್ರಹ ಚಿತ್ರವು ಬೇರೆ ಪುರಾವೆಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಸ್ಥಾನವನ್ನು ಆಕ್ರಮಿಸಕೂಡದೆಂದು ವಿಧಿಸಿತು.

ಆದರೂ ಆಕಾಶದ ಕಣ್ಣಿನ ಮೇಲಿನ ಮೋಹ ಕಡಿಮೆಯಾಗಿಲ್ಲ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಹಕ್ಕುಕೋರಿಕೆ ತಿರಸ್ಕೃತರಾದವರನ್ನು ತೆರವುಗೊಳಿಸುವ ಬಗ್ಗೆ ಆದೇಶ ನೀಡಿದಾಗ, ಉಪಗ್ರಹ ಸಮೀಕ್ಷೆ ನಡೆಸಿ ಒತ್ತುವರಿಯ ಸ್ಥಿತಿಯನ್ನು ತಿಳಿಸುವಂತೆ ಅರಣ್ಯ ಸಮೀಕ್ಷಾ ಸಂಸ್ಥೆಗೂ ಸೂಚಿಸಿತ್ತು. ದೇಶದಾದ್ಯಂತ ಅರಣ್ಯವಾಸಿಗಳಲ್ಲಿ ಕಳವಳವೆದ್ದು, ಅದೇ ತಿಂಗಳ 28ರಂದು ತೆರವಿಗೆ ತಡೆಯಾಜ್ಞೆ ದೊರೆಯಿತು. ಎರಡು ವಾರಗಳ ಕಾಲ ಲಕ್ಷಾಂತರ ಕುಟುಂಬಗಳ ತಲೆಯ ಮೇಲೆ ಕತ್ತಿ ತೂಗಿತ್ತು.

“ಚಿತ್ರ ಸುಳ್ಳು ಹೇಳದು, ಜನ ಹೇಳುತ್ತಾರೆ” ಎಂಬ ಮಾತನ್ನು ಈ ಸಂದರ್ಭದಲ್ಲಿ ಆಗಾಗ್ಗೆ ಕೇಳುತ್ತೇವೆ. ಜನ ಸುಳ್ಳು ಹೇಳುವುದುಂಟು. ಆದರೆ ಚಿತ್ರ ಸುಳ್ಳನ್ನೂ ಹೇಳದು, ನಿಜವನ್ನೂ ಹೇಳದು. ಅದು ಮಾತಾಡುವುದೇ ಇಲ್ಲ. ಇಷ್ಟು ಅಂಕಿಯಿಂದ ಇಷ್ಟು ಅಂಕಿಯವರೆಗೆ ಕಾಡು, ಅಲ್ಲಿಂದಾಚೆಗೆ ಕುರುಚಲು ಎಂದು ಗೆರೆ ಎಳೆಯುವವನು ಮನುಷ್ಯ. ಆ ಗೆರೆ ಸರಿಯೋ ತಪ್ಪೋ ಎಂದು ತಿಳಿಯಲು ಸ್ಥಳಕ್ಕೆ ಹೋಗಿ ನೋಡಬೇಕೆಂಬುದು ಈ ವಿಜ್ಞಾನದ ಮೊದಲ ಪಾಠ. ವಿಜ್ಞಾನಿಗಳೇ ಅದನ್ನು ‘ನೆಲದ ಸತ್ಯ’ವೆಂದು ಕರೆಯುತ್ತಾರೆ. ಹಾಗಾದರೆ ನೆಲಕ್ಕಿಳಿಯದೆ ತೀರ್ಪು ಕೊಡುವವನು ವಿಜ್ಞಾನಕ್ಕೂ ದ್ರೋಹ ಬಗೆದಂತೆಯೇ ಸರಿ.

ನಮ್ಮ ಬೆಟ್ಟಗಳೇ ಇದಕ್ಕೆ ಉತ್ತಮ ಮಾದರಿಯನ್ನು ಕೊಟ್ಟಿವೆ. ಅಶೋಕ ಪರಿಸರ ಸಂಶೋಧನಾ ಸಂಸ್ಥೆಯೆಂದು ಹೆಸರಾದ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರೊಡನೆ ಕಾಡಿನಲ್ಲಿ ನಡೆದು, ಅವರ ಪವಿತ್ರ ತಾಣಗಳನ್ನು ಜಿಪಿಎಸ್ ಉಪಕರಣದಿಂದ ಗುರುತಿಸಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಸೋಲಿಗರು ಕರೆಯುವ ನಾನೂರಕ್ಕೂ ಹೆಚ್ಚು ತಾಣಗಳು ನಕ್ಷೆಗೇರಿದವು. ಅಧಿಕಾರಿಗಳ ನಕ್ಷೆಯಲ್ಲಿ ನಿರ್ಜನ ಕಾಡಾಗಿದ್ದ ನೆಲ, ಈ ನಕ್ಷೆಯಲ್ಲಿ ಹೆಸರುಗಳಿಂದ ತುಂಬಿದ ನಾಡಾಯಿತು. 2011ರ ಜನವರಿಯಲ್ಲಿ ಈ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ತಂತ್ರಜ್ಞಾನವು ಅಲ್ಲಿ ಜನರ ಮೇಲಿನ ಕಣ್ಣಾಗದೆ ಜನರ ಕೈಯ ಉಪಕರಣವಾಯಿತು.

ನಕ್ಷೆ ಯಾರ ಮೇಜಿನ ಮೇಲಿದೆ?

ನನ್ನ ಮುಖ್ಯ ಆಕ್ಷೇಪಣೆ ಇಲ್ಲಿದೆ. ಬಡವನನ್ನು ಒತ್ತುವರಿದಾರನೆಂದು ತೋರಿಸಬೇಕಾದಾಗ ಉಪಗ್ರಹ ಚಿತ್ರವು ಬೇಗನೆ ಬರುತ್ತದೆ. ಅದೇ ಬಡವನಿಗೆ ನೀರು, ದಾರಿ, ಹಕ್ಕು ಬೇಕಾದಾಗ ಆ ಚಿತ್ರ ಬೀರುವಿನಲ್ಲಿ ಮಲಗಿರುತ್ತದೆ.

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮದು ಗಟ್ಟಿಶಿಲೆಯ ನಾಡು. ಬಂಡೆಯ ಬಿರುಕುಗಳಲ್ಲಿ ಮಾತ್ರ ಅಂತರ್ಜಲ ನಿಲ್ಲುತ್ತದೆ. ಮೈಲುಗಟ್ಟಲೆ ಹಾಯುವ ಆ ಬಿರುಕುಗಳು ಉಪಗ್ರಹ ಚಿತ್ರದಲ್ಲಿ ಸರಳರೇಖೆಗಳಾಗಿ ಕಾಣುತ್ತವೆ. ರಾಷ್ಟ್ರೀಯ ಕುಡಿಯುವ ನೀರಿನ ಯೋಜನೆಯಡಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಿಗೆ ಇಂತಹ ಅಂತರ್ಜಲ ನಕ್ಷೆಗಳು ಸಿದ್ಧವಾಗಿ ವರ್ಷಗಳೇ ಕಳೆದಿವೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ಹುಡುಕುವವನ ಮಾತು ಕೇಳಿ, ಸಾಲ ಮಾಡಿ ಬಾವಿ ಕೊರೆಸಿ, ಧೂಳು ಕಂಡು ಮನೆಗೆ ಮರಳುವ ಹನೂರಿನ ರೈತನಿಗೆ ಆ ನಕ್ಷೆಯನ್ನು ತೋರಿಸಿದವರು ಯಾರು?

ದಾರಿಯ ವಿಷಯವೂ ಹಾಗೆಯೇ. ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತ ಗ್ರಾಮದವರು ಮೂಲಸೌಕರ್ಯವಿಲ್ಲವೆಂದು 2024ರ ಲೋಕಸಭಾ ಚುನಾವಣೆಯ ಬಹಿಷ್ಕಾರಕ್ಕೆ ಮುಂದಾದರು. ಏಪ್ರಿಲ್ 26ರಂದು ಮತಗಟ್ಟೆಯಲ್ಲಿ ಗಲಭೆಯಾಗಿ ಮತಯಂತ್ರ ಪುಡಿಯಾಯಿತು. ಮೂರು ದಿನಗಳ ನಂತರ ಮರುಮತದಾನ ನಡೆಯಿತು. ಮತಗಟ್ಟೆಯ ಮೇಲಿನ ದಾಳಿಯನ್ನು ಯಾರೂ ಸಮರ್ಥಿಸಲಾಗದು. ಆದರೆ ಕಾಡಿನೊಳಗೆ ಒಂದು ಗುಡಿಸಲು ಹೆಚ್ಚಾದರೆ ಗುರುತಿಸುವ ಚಿತ್ರಗಳಲ್ಲಿ, ಆ ಊರಿಗೆ ಸರಿಯಾದ ರಸ್ತೆಯಿಲ್ಲವೆಂಬುದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಒಂದನ್ನು ನೋಡಿ ಮತ್ತೊಂದನ್ನು ನೋಡದಿರುವುದಕ್ಕೆ ಕ್ಯಾಮೆರಾದ ದೋಷ ಕಾರಣವೇ?

ನಾವು ಮಾಡಬೇಕಾದದ್ದು

ಹಾಗಾದರೆ ಏನಾಗಬೇಕು? ಮೊದಲನೆಯದಾಗಿ, ಮೂರೂ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಆ ಪಂಚಾಯಿತಿಯ ಎರಡು ಚಿತ್ರಗಳಿರಲಿ: 2005ರ ಆಸುಪಾಸಿನದೊಂದು, ಇಂದಿನದೊಂದು. ಹಳ್ಳ, ಗುಡ್ಡ, ಪೋಡು, ಸ್ಮಶಾನಗಳ ಹೆಸರುಗಳನ್ನು ಊರಿನವರೇ ಅದರ ಮೇಲೆ ಬರೆಯಲಿ. ಎರಡನೆಯದಾಗಿ, ಚಿತ್ರವೊಂದನ್ನೇ ಮುಂದಿಟ್ಟುಕೊಂಡು ಯಾವ ಅರ್ಜಿಯನ್ನೂ ತಿರಸ್ಕರಿಸಬಾರದು. ಅಧಿಕಾರಿಯೂ ಅರ್ಜಿದಾರನೂ ಊರಿನ ಹಿರಿಯರೂ ಒಟ್ಟಿಗೆ ಆ ನೆಲದ ಮೇಲೆ ನಡೆದ ನಂತರವೇ ತೀರ್ಮಾನವಾಗಲಿ. ಚಿತ್ರವನ್ನು ಬಳಸಿದ್ದರೆ ಅದರ ದಿನಾಂಕವನ್ನೂ ಚುಕ್ಕೆಯ ಅಳತೆಯನ್ನೂ ಆದೇಶದಲ್ಲಿ ಬರೆಯಲಿ. ಮೂರನೆಯದಾಗಿ, ಅಂತರ್ಜಲದ ನಕ್ಷೆ, ಪ್ರವಾಹದ ನಕ್ಷೆಗಳು ಕನ್ನಡದಲ್ಲಿ, ರೈತನಿಗೆ ಅರ್ಥವಾಗುವಂತೆ, ಕೇಳುವ ಮೊದಲೇ ಊರಿಗೆ ಬರಲಿ.

ಇದೆಲ್ಲ ಸರ್ಕಾರದ ಕೆಲಸವೆಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಇಸ್ರೋದ ಭುವನ್ ಜಾಲತಾಣ 2009ರಿಂದ ಸಾರ್ವಜನಿಕರಿಗೆ ತೆರೆದಿದೆ. ಲ್ಯಾಂಡ್‌ಸ್ಯಾಟಿನ ಹಳೆಯ ಚಿತ್ರಗಳನ್ನು 2008ರಿಂದ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ದಿಶಾಂಕ್ ಎಂಬ ಆ್ಯಪ್ ನಿಂತ ನೆಲದ ಸರ್ವೆ ನಂಬರನ್ನು ಹೇಳುತ್ತದೆ. ಕಾಲೇಜು ಓದುವ ಮಗನೋ ಮಗಳೋ ಇಲ್ಲದ ಬೀದಿ ಇಂದು ಕೊಳ್ಳೇಗಾಲದಲ್ಲಿಲ್ಲ. ನಮ್ಮ ಶಾಲಾ ಕಾಲೇಜುಗಳು, ಯುವಕ ಸಂಘಗಳು, ಮಹಿಳಾ ಸಂಘಗಳು ಒಂದು ರಜೆಯ ದಿನವನ್ನು ಇದಕ್ಕಾಗಿ ಮೀಸಲಿಡಲಿ. ಮಕ್ಕಳು ಚಿತ್ರವನ್ನು ತೋರಿಸಲಿ, ಅಜ್ಜಂದಿರು ಹೆಸರುಗಳನ್ನು ಹೇಳಲಿ. ಹಕ್ಕಿನ ಅರ್ಜಿಯೊಡನೆ ಆ ನಕ್ಷೆಯೂ ಹೋಗಲಿ. ಅಕ್ಷರ ಬಾರದವನ ಪರವಾಗಿ ಅರ್ಜಿ ಬರೆದುಕೊಡುವುದನ್ನು ನಮ್ಮ ಹಿರಿಯರು ಸೇವೆಯೆಂದು ತಿಳಿದಿದ್ದರು. ನಕ್ಷೆ ಓದಲು ಬಾರದವನ ಪರವಾಗಿ ನಕ್ಷೆ ಓದುವುದು ಈ ಕಾಲದ ಸೇವೆ.

ಓದುಗ ಬಂಧುಗಳೇ, ಮೇಲಿನಿಂದ ನೋಡಿದಾಗ ನಾಡು ಸುಂದರವಾಗಿಯೇ ಕಾಣುತ್ತದೆ. ಅಲ್ಲಿ ಹಸಿವು ಕಾಣದು, ಸಾಲ ಕಾಣದು, ಹೆಸರು ಕಾಣದು. ಅವನ್ನು ಕಾಣಲು ಬೇಕಾದ ಉಪಕರಣ ಕಾಲ್ನಡಿಗೆಯೊಂದೇ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆ ಯಾವಾಗ ಎಂದು ಕೇಳಿ ತಿಳಿಯಿರಿ. ಅಲ್ಲಿಗೆ ಹೋಗಿ, ನಮ್ಮ ಊರಿನ ಚಿತ್ರವನ್ನು ನಮಗೆ ತೋರಿಸಿ ಎಂದು ಎದ್ದು ನಿಂತು ಕೇಳಿರಿ.